ಟ್ರಾಲಿಗೆ ಕಟ್ಟಿದ ಕಂಬಳಿ

ಭೀಮಣ್ಣನ ಕಬ್ಬು ನೋಡಿ ಮಂದ್ರೂಪದ ಮಂದಿಗೆ ಹೊಟ್ಟೆಕಿಚ್ಚು ಬಂದಿತ್ತೋ ಇಲ್ಲವೋ, ಬಂದಿದೆ ಎಂದು ಭೀಮಣ್ಣನಂತೂ ನಂಬಿದ್ದ. ಕುರಿ ಸಾಕಿದ ಮನೆತನ. ದೃಷ್ಟಿ ತಾಗಬಾರದೆಂದು ಕುರಿದೊಡ್ಡಿಯ ಬಾಗಿಲಿಗೆ ಕರಿ ಕಂಬಳಿ ಕಟ್ಟುವುದು ಅವರ ರೂಢಿ. ದೊಡ್ಡಿಗೆ ಕಟ್ಟುವುದನ್ನು ಟ್ರಾಲಿಗೇಕೆ ಕಟ್ಟಬಾರದು? ನಸುಕಿನಲ್ಲೆದ್ದು ಟ್ರ್ಯಾಕ್ಟರಿಗೆ ಕುಲದೇವರು ಬೀರೋಬಾನ ಭಂಡಾರದ ಅರಿಷಿಣ ಹಚ್ಚಿದ. ಕಬ್ಬು ತುಂಬಿದ ಎರಡು ಟ್ರಾಲಿಗಳಲ್ಲಿ ಹಿಂದಿನದರ ಬೆನ್ನಿಗೆ ಕಂಬಳಿ ಬಿಗಿದ.

ಬ್ಯಾಟರಿ ಹಿಡಿದು ನಿಂತಿದ್ದ ಹೆಂಡತಿ ರೇವಮ್ಮ ಅಂದಳು, "ಹೊಳಿಯೂ ಕೆಂಪು ಪಟ್ಟಿ ಮುಚ್ಚಿ ಹೋತಲ್ರಿ. ಹಿಂದ ಬರೋರಿಗೆ ಕಾಣ್ಲಿ ಅಂತ ಸಕ್ಕರಿ ಫ್ಯಾಕ್ಟರಿಯವರು ಹಚ್ಚ್ಯಾರ."

"ಆನಿಯಂಥಾ ಗಾಡಿ ಕಾಣಾಂಗಿಲ್ಲೇನ? ಹೊಂಟಾಗ ಅಡ್ಡ ಮಾತಾಡಬ್ಯಾಡ, ಒಳಗ ನಡಿ."

ರಸ್ತೆಯ ಮೇಲೆ ಮಂಜು ದಟ್ಟವಾಗಿತ್ತು. ಏರು ಹತ್ತುತ್ತಿದ್ದ ಗಾಡಿ ಎತ್ತಿನ ನಡಿಗೆಗಿಂತ ಜೋರಿರಲಿಲ್ಲ. ಹಿಂದಿನ ದೀಪ ಕೆಟ್ಟು ಎರಡು ವರ್ಷವಾಗಿತ್ತು. ಕನ್ನಡಿಯಲ್ಲಿ ಕಬ್ಬಿನ ಗರಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ಸ್ಪೀಕರಿನ ಹಾಡಿನಲ್ಲಿ ಬೇರೇನೂ ಕೇಳುತ್ತಲೂ ಇರಲಿಲ್ಲ. ಎದುರಿನಿಂದ ಬಂದ ಜೀಪಿನವನು ಕೈ ಬೀಸಿ ಚೀರಿದಾಗಲೇ ಅವನು ಗಾಡಿ ನಿಲ್ಲಿಸಿ ಇಳಿದದ್ದು.

ಹಿಂದೆ ಹೋಗಿ ನೋಡಿದರೆ, ಅಯ್ಯೋ ಶಿವನೇ! ಟ್ರಾಲಿಯ ಕೆಳಗೆ ಬೈಕಿನ ಮುಂದಿನ ಗಾಲಿ ಸಿಕ್ಕಿಕೊಂಡಿತ್ತು. ರಸ್ತೆ ತುಂಬ ಹಾಲು. ದಿನಾ ಸೊಲ್ಲಾಪುರಕ್ಕೆ ಹಾಲು ಒಯ್ಯುವ ಶಾಂತಲಿಂಗಪ್ಪ ಕಾಲು ಮುರಿದುಕೊಂಡು ಬಿದ್ದು ನರಳುತ್ತಿದ್ದ.

ಭೀಮಣ್ಣ ಮೊದಲು ಅವನನ್ನು ಮುಟ್ಟಲಿಲ್ಲ. ಮೊದಲು ಕಂಬಳಿ ಬಿಚ್ಚಿದ. ಜೀಪಿನವನು ಓಡಿ ಬರುವಷ್ಟರಲ್ಲಿ ಅದನ್ನು ಶಾಂತಲಿಂಗಪ್ಪನ ಮೈಮೇಲೆ ಹೊದಿಸಿದ್ದ.

ಪೊಲೀಸರು ಬಂದಾಗ ಕೆಂಪು ಪಟ್ಟಿ ಫಳಫಳ ಹೊಳೆಯುತ್ತಿತ್ತು. ತಪ್ಪು ಬೈಕಿನವನದೇ ಎಂದು ಬರೆದುಕೊಂಡು ಹೋದರು. "ತನ್ನ ಕಂಬಳಿನ ಹೊಚ್ಚಿ ಜೀವಾ ಉಳಿಸ್ಯಾನ. ದೇವರಂಥಾ ಮನಷ್ಯಾ" ಎಂದು ಊರೆಲ್ಲ ಹೊಗಳಿತು. ಹೊಗಳಿದಾಗಲೆಲ್ಲ ಭೀಮಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಊಟ ಸೇರಲಿಲ್ಲ. ಯಾರು ಕರೆದರೂ ಬೆಚ್ಚುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಅವನ ಬಾಳು.

ಎಂಟನೆಯ ದಿನ ರೇವಮ್ಮ ತಾಟು ಇಡುತ್ತ ಹೇಳಿದಳು, "ಶಾಂತಲಿಂಗಪ್ಪ ಎಮ್ಮಿ ಮಾರಾಕತ್ತಾನಂತ."

"ಯಾಕ?"

"ಪಟ್ಟಿ ಇದ್ದದ್ದು ಕಾಣಲಿಲ್ಲಂದ್ರ ನನ್ನ ಕಣ್ಣು ಹೋದ್ವು, ಇನ್ನ ಗಾಡಿ ಮುಟ್ಟಾಂಗಿಲ್ಲ ಅಂತಾನಂತ. ಹಾಲು ಒಯ್ಯೋರಿಲ್ಲಂದ್ರ ಎಮ್ಮಿ ಕಟಗೊಂಡು ಏನ ಮಾಡ್ತಾರ?"

"ನಾ ಹೇಳಿದ್ರ ಅವನ ಕಾಲು ಕೂಡತೈತೇನು? ಕೇಸು ನನ್ನ ಮ್ಯಾಲೆ ಬೀಳತೈತಿ. ನೀನೂ ಮಕ್ಕಳೂ ಏನ ಮಾಡ್ತೀರಿ?"

"ಕಾಲು ಕೂಡಾಂಗಿಲ್ಲ ಖರೇ. ಆದ್ರ ಕಣ್ಣಿದ್ದಾಂವ ಕುರುಡ ಅಂತ ಕುಂತಾನಲ್ರಿ."

ಭೀಮಣ್ಣ ತುತ್ತು ಎತ್ತಲಿಲ್ಲ. ತಾಟು ಸರಿಸಿ ಎದ್ದ.

ಶಾಂತಲಿಂಗಪ್ಪನ ಅಂಗಳದಲ್ಲಿ ದನದ ವ್ಯಾಪಾರಿ ಕಾಮಣ್ಣ ಎಮ್ಮೆಯ ಹಲ್ಲು ನೋಡುತ್ತಿದ್ದ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಶಾಂತಲಿಂಗಪ್ಪ ಹೊರಸಿನ ಮೇಲಿಂದಲೇ ಕೈ ಮುಗಿದ. "ಬಾರೋ ಭೀಮಣ್ಣಾ. ನೀ ಇರಲಿಲ್ಲಂದ್ರ ಅವತ್ತ ನಾ ಸತ್ತ ಹೋಗ್ತಿದ್ದೆ."

"ಕೈ ಮುಗೀಬ್ಯಾಡಣ್ಣಾ!" ಭೀಮಣ್ಣನ ದನಿ ಒಡೆಯಿತು. "ನಿನ್ನ ಕಣ್ಣು ಛಲೋ ಅದಾವ. ಪಟ್ಟಿ ಮ್ಯಾಲೆ ನಾ ಕರಿ ಕಂಬಳಿ ಕಟ್ಟಿದ್ದೆ. ನೀ ಬಿದ್ದ ಮ್ಯಾಲೆ ಬಿಚ್ಚಿದೆ. ನಿನಗ ಹೊಚ್ಚಿದ್ದು ಅದನ್ನ."

ಕಾಮಣ್ಣ ಎಮ್ಮೆಯ ಬಾಯಿಂದ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡ.

ಶಾಂತಲಿಂಗಪ್ಪನ ಹೆಂಡತಿ ಕಲ್ಯಾಣಮ್ಮ ಕೇಳಿದಳು, "ಎಂಟು ದಿನ ಯಾಕ ಸುಮ್ನಿದ್ದಿ? ಎಂಟು ದಿನ ನನ್ನ ಗಂಡ ತನ್ನ ಕಣ್ಣಿಗೆ ತಾನ ಶಾಪಾ ಹಾಕ್ಕೊಂಡಾನ."

ಭೀಮಣ್ಣ ತಲೆ ತಗ್ಗಿಸಿ ನಿಂತ. "ಈಗ ಸೀದಾ ಪೊಲೀಸರ ಕಡೆ ಹೊಂಟೀನಿ, ವೈನಿ. ಅಣ್ಣನ ಕಾಲು ನೆಟ್ಟಗಾಗೂ ತನಕ ಹಾಲು ನಾ ಒಯ್ತೀನಿ. ಎಮ್ಮಿ ಮಾರಬ್ಯಾಡ್ರಿ."

ಶಾಂತಲಿಂಗಪ್ಪ ಅಂಗಳದಲ್ಲಿದ್ದ ಎಮ್ಮೆಯನ್ನು, ಬೇಲಿಯಾಚೆಯ ಬೇವಿನ ಮರವನ್ನು, ಅದರಾಚೆಯ ರಸ್ತೆಯನ್ನು ಒಂದೊಂದಾಗಿ ದಿಟ್ಟಿಸಿ ನೋಡಿದ. ಕಣ್ಣು ತುಂಬಿ ಬಂದವು. ಭೀಮಣ್ಣನ ಕಡೆ ಮಾತ್ರ ತಿರುಗಲಿಲ್ಲ. "ಎಮ್ಮಿ ಕೊಡೂದಿಲ್ರಿ, ಕಾಮಣ್ಣ" ಎಂದ.

ಪೊಲೀಸರಿಗೆ ನಡೆದದ್ದೆಲ್ಲ ಹೇಳಿ ಬಂದಿದ್ದ ಭೀಮಣ್ಣ ಮರುದಿನ ನಸುಕಿನಲ್ಲಿ ಶಾಂತಲಿಂಗಪ್ಪನ ರಿಪೇರಿಯಾದ ಬೈಕಿಗೆ ಹಾಲಿನ ಕ್ಯಾನು ಕಟ್ಟಿದ. ಕಲ್ಯಾಣಮ್ಮ ಬಾಗಿಲಲ್ಲಿ ನಿಂತಿದ್ದಳು. ಬಾ ಎನ್ನಲಿಲ್ಲ, ಚಹಾ ಕೊಡಲಿಲ್ಲ. ಅವನು ಹೊರಡುವಾಗ ಒಂದೇ ಮಾತು ಅಂದಳು:

"ಹಿಂದಿನ ದೀಪ ಹತ್ತೈತೇನು, ಇಳದ ನೋಡು."

ಭೀಮಣ್ಣ ಇಳಿದು ನೋಡಿದ.