ಚಿರತೆಗೆ ಯಾರ ಮೊಳ?

ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದ, ಮೀಟರೆಂಬುದು ಅಲ್ಲಿಗೆ ಕಾಲಿಡದಿದ್ದ ಕಾಲ. ಮೂರನೇ ತರಗತಿಯ ತಲೆಗೆ ಭಾಗಾಕಾರ ಹತ್ತಲೇ ಇಲ್ಲ. ಮೇಷ್ಟ್ರು ಕರಿಬಸವಯ್ಯ ಕೊನೆಗೆ ಕಾಡುಪ್ರಾಣಿಗಳ ಮೊರೆಹೋದರು. ಅಂಗಳದಲ್ಲಿ ಉದ್ದಕ್ಕೆ ಸುಣ್ಣದ ಗೆರೆ ಎಳೆದು, ಚಿರತೆ ಒಂದೇ ನೆಗೆತಕ್ಕೆ ಇಷ್ಟು ಹಾರುತ್ತದೆ, ಹನ್ನೆರಡು ಮೊಳ, ನೀವೂ ಹಾರಿ ಅಳೆದು ಅದು ನಿಮ್ಮದರ ಎಷ್ಟು ಪಟ್ಟು ಹೇಳಿ ಎಂದರು. ಮಕ್ಕಳು ಮಗ್ಗಿ ಕಲಿತರು, ಚಡ್ಡಿ ಹರಿದುಕೊಂಡರು. ಮೈಯುದ್ದಕ್ಕೆ ಹೋಲಿಸಿದರೆ ನೆಗೆತದಲ್ಲಿ ತಾನು ಕಪ್ಪೆಗಿಂತಲೂ ಕಡೆ ಎಂದು ತಿಳಿದ ಗುಂಡಣ್ಣನ ಮಗ ಒಂದು ವಾರ ಶಾಲೆಯ ಕಡೆ ತಲೆಹಾಕಲಿಲ್ಲ.

ಅದೇ ತರಗತಿಯ ಮಂಗಮ್ಮನಿಗೆ ಮಾತ್ರ ಇದು ಆಟವಾಗಿರಲಿಲ್ಲ. ಆ ಶಾಲೆ ಮೂರನೇ ತರಗತಿಗೇ ಮುಗಿಯುತ್ತಿತ್ತು. ಇನ್‌ಸ್ಪೆಕ್ಟರು ಬಂದು ಮೆಚ್ಚಿದರೆ ನಾಲ್ಕನೆಯದು ಸಿಗುತ್ತದೆ. ಇಲ್ಲದಿದ್ದರೆ ಹುಡುಗರು ತ್ಯಾಗರಾಜನಗರಕ್ಕೆ ನಡೆದು ಹೋಗುತ್ತಾರೆ, ಅವಳು ಅವ್ವನ ಜೊತೆ ಹೂ ಮಾರಲು ಕೂರಬೇಕು. ನೆನೆಸಿಕೊಂಡರೇ ಅವಳಿಗೆ ಮೈ ಉರಿಯುತ್ತಿತ್ತು.

ಇನ್‌ಸ್ಪೆಕ್ಟರು ಏಕಾಂತಯ್ಯ ಬಂದರು. ನಗುವುದು ಇಲಾಖೆಯ ನಿಯಮಕ್ಕೆ ವಿರುದ್ಧ ಎಂಬಂಥ ಮುಖ. ಅವರ ಬೆರಳು ಮಂಗಮ್ಮನನ್ನೇ ತೋರಿಸಿತು. ಅವಳು ಲಂಗ ಎತ್ತಿಕಟ್ಟಿ ಹಾರಿ, ಮೊಳಕೈ ನೆಲಕ್ಕೂರಿ ಅಳೆದಳು. ನಾಲ್ಕು ಮೊಳ.

“ಚಿರತೆ ನನ್ನ ಮೂರು ಪಟ್ಟು, ಸಾ.”

ಏಕಾಂತಯ್ಯನವರು ಕೋಟಿನ ತೋಳು ಮಡಿಸಿ ಅವಳ ನೆಗೆತವನ್ನು ತಾವೇ ಅಳೆದರು. ಮೂರು ಮೊಳ. “ತಪ್ಪು. ನಾಲ್ಕು ಪಟ್ಟು. ಏನ್ರೀ ಮೇಷ್ಟ್ರೇ, ಅಳೆಯೋದೂ ಕಲಿಸಿಲ್ವಾ?”

ಮೇಷ್ಟ್ರು ಪೇಟ ಸರಿಮಾಡಿಕೊಂಡರು. ಮಂಗಮ್ಮನಿಗೆ ಅಳು ಬಂತು. ಇನ್ನು ಹೂವೇ ಗತಿ ಎಂದುಕೊಂಡಳು. ಹೂವೆಂದಾಗ ಇನ್ನೊಂದು ನೆನಪಾಯಿತು: ಅವ್ವನ ಬದಲು ತಾನು ಮೊಳ ಹಾಕಿದ ದಿನವೆಲ್ಲ ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ಅವಳು ಇನ್‌ಸ್ಪೆಕ್ಟರ ಕೈ ನೋಡಿದಳು, ತನ್ನ ಕೈ ನೋಡಿದಳು.

“ಸಾ, ಚಿರತೆಗೆ ಹಾಕಿದ್ದು ಯಾರ ಮೊಳ?”

“ನಂದೇ ಕಣಮ್ಮ,” ಎಂದರು ಮೇಷ್ಟ್ರು.

“ಅದಕ್ಕೇ ಕೆಟ್ಟಿದ್ದು. ಚಿರತೆಗೆ ದೊಡ್ಡ ಕೈ, ನಂಗೆ ಚಿಕ್ಕ ಕೈ.”

ಮಂಡಿಯೂರಿ ಚಿರತೆಯ ಗೆರೆಯುದ್ದಕ್ಕೂ ತನ್ನ ಮೊಳ ಹಾಕುತ್ತಾ ಹೋದಳು. ಹದಿನಾರು ಬಂತು. “ನನ್ ಕೈಲಿ ನಾನು ನಾಕು, ಚಿರತೆ ಹದಿನಾರು. ನಿಮ್ದೂ ಮೇಷ್ಟ್ರದೂ ಒಂದೇ ಉದ್ದದ ಕೈ, ಅದ್ರಲ್ಲಿ ಮೂರು, ಹನ್ನೆರಡು. ಯಾರ ಕೈ ಆದ್ರೂ ನಾಕೇ ಪಟ್ಟು ಸಾ. ಎರಡಕ್ಕೂ ಒಂದೇ ಕೈ ಇರ್ಬೇಕು, ಅಷ್ಟೇ.”

ಏಕಾಂತಯ್ಯನವರು ಕೋಟಿನ ತೋಳು ಇಳಿಸಿದರು.

“ನಾಲ್ಕು,” ಎಂದರು.

“ಹೂಂ ಸಾ, ನಾಕೇ ಪಟ್ಟು.”

“ಪಟ್ಟಲ್ಲಮ್ಮ, ಕ್ಲಾಸು. ಬೇಸಿಗೆ ರಜ ಮುಗೀತಿದ್ದಂಗೆ ಶುರು ಮಾಡಿ, ಮೇಷ್ಟ್ರೇ.”

ಆಗ ಮಂಗಮ್ಮ ಹಾರಿದ್ದನ್ನು ಯಾರೂ ಅಳೆಯಲಿಲ್ಲ.