ನೋವು ನಿಂತ ಕಾಲು

ತಂಗಿಯ ಪಾದದಡಿಯಲ್ಲಿ ಮೊದಲು ಎದ್ದದ್ದು ಅಂಗಿಯ ಗುಂಡಿಯಷ್ಟು ಗುಳ್ಳೆ. ಇಬ್ಬರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಪ್ಪತ್ತರ ಆಸುಪಾಸಿನ ಆ ಅಕ್ಕತಂಗಿಯರು ಬಟ್ಟೆ ಹೊಲಿದೇ ಬದುಕಿದವರು: ತಂಗಿ ಮಷೀನು ತುಳಿಯುವಳು, ಅಕ್ಕ ಗುಂಡಿ ಹಾಕಿ ಇಸ್ತ್ರಿ ಮಾಡುವಳು. ಸೋಂಕಿಗೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡ ಮೇಲೆ ಬಟ್ಟೆ ಹೊಲಿಸುವವರು ಯಾರು? ತಂಗಿಗೆ ಸಕ್ಕರೆ ಕಾಯಿಲೆ. ಅವಳು ಮಾತ್ರೆಯನ್ನು ಮುರಿದು ಅರ್ಧವಷ್ಟೇ ನುಂಗುವುದು ಅಕ್ಕನಿಗೆ ಗೊತ್ತಿತ್ತು. ಬೈದು ಇಡೀ ಮಾತ್ರೆ ನುಂಗಿಸೋಣವೆಂದರೆ ತನ್ನ ಕೈಯೂ ಖಾಲಿ.

ಗುಳ್ಳೆ ಒಡೆದು ಹುಣ್ಣಾಯಿತು. ಸರ್ಕಾರಿ ಆಸ್ಪತ್ರೆಯ ಗೇಟಿಗೆ ಅಡ್ಡ ಹಗ್ಗ ಕಟ್ಟಿದ್ದರು.

"ಜ್ವರ ಇದೆಯಾ? ಕೆಮ್ಮು?" ಕಾವಲಿನವನು ದೂರದಿಂದಲೇ ಕೇಳಿದ.

"ಇಲ್ಲಪ್ಪಾ. ಕಾಲು."

"ಕಾಲು ನೋಡೋರು ಈಗ ಯಾರೂ ಇಲ್ಲಮ್ಮ. ಈ ವಯಸ್ಸಲ್ಲಿ ಒಳಗೆ ಹೋಗಿ ಇಲ್ಲದ್ದನ್ನ ಅಂಟಿಸ್ಕೊಂಡು ಬರ್ತೀರಾ? ಮನೇಲೇ ಇರಿ."

ಖಾಸಗಿ ಆಸ್ಪತ್ರೆಯಲ್ಲಿ ಹುಣ್ಣು ನೋಡುವ ಮೊದಲೇ ಮುಂಗಡ ಕೇಳಿದರು. ಅಷ್ಟು ದುಡ್ಡನ್ನು ಅಕ್ಕ ಒಟ್ಟಿಗೆ ಕಂಡದ್ದೇ ಇಲ್ಲ.

ಇನ್ನುಳಿದದ್ದು ಉಪ್ಪುನೀರು, ಕುದಿಸಿದ ಬಟ್ಟೆತುಂಡು. ದಿನವೂ ಅಕ್ಕ ತೊಳೆಯುವಳು, ತಂಗಿ ಹಲ್ಲುಕಚ್ಚಿ ಬೈಯುವಳು: "ಮೆಲ್ಲಗೆ ಕಣೇ! ನಾನೇನು ನಿನ್ನ ಇಸ್ತ್ರಿಗೆ ಬಂದ ಬಟ್ಟೆನಾ?"

ಒಂದು ಬೆಳಿಗ್ಗೆ ತಂಗಿ ಬೈಯಲಿಲ್ಲ.

"ನೋವೇ ಇಲ್ಲ ಅಕ್ಕ. ಎಲ್ಲಾ ನಿನ್ನ ಕೈಗುಣ."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಕಿಟಕಿ ತೆರೆದಿಟ್ಟರೂ ಕೋಣೆಯಲ್ಲಿ ಒಂದು ಕೊಳೆತ ವಾಸನೆ ನಿಂತೇ ಇತ್ತು. ಬೀದಿಯ ಚರಂಡಿ ಕಟ್ಟಿಕೊಂಡಿರಬೇಕು ಎಂದುಕೊಂಡಳು.

ಹತ್ತಿ ತರಲು ಹೋದಾಗ ಔಷಧಿ ಅಂಗಡಿಯವನಿಗೆ ಈ ಸುದ್ದಿ ಹೇಳಿಯೂ ಬಿಟ್ಟಳು. ಪೊಟ್ಟಣ ಕಟ್ಟುತ್ತಿದ್ದ ಅವನ ಕೈ ನಿಂತಿತು.

"ಬೆರಳು ಯಾವ ಬಣ್ಣಕ್ಕಿದೆ?"

"ಒಂಚೂರು ಕಪ್ಪಗೆ."

"ಮುಟ್ಟಿದ್ರೆ ಅವರಿಗೆ ಗೊತ್ತಾಗುತ್ತಾ?"

ಅಕ್ಕ ಮನೆಗೆ ಓಡಿದಳು. ಗೋಡೆಗೆ ಮುಖ ಮಾಡಿ ಮಲಗಿದ್ದ ತಂಗಿಯ ಹೆಬ್ಬೆರಳನ್ನು ಚಿವುಟಿದಳು. ಉಗುರು ಊರುವಷ್ಟು ಚಿವುಟಿದಳು.

"ಬಂದ್ಯಾ ಅಕ್ಕ? ಇವತ್ತು ಕಾಲು ತೊಳೆಯಲ್ವಾ?" ತಂಗಿ ಅತ್ತ ತಿರುಗಿಯೇ ಕೇಳಿದಳು.

ಅಕ್ಕ ಅವಳ ಹಣೆ ಮುಟ್ಟಿದಳು. ತಂಗಿಯ ಮೈ ಕೆಂಡದಂತೆ ಸುಡುತ್ತಿತ್ತು.

ಹಿಂದೆಯೇ ಬಂದ ಅಂಗಡಿಯವನೇ ತನ್ನ ಗಾಡಿಯಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ. ಕಾವಲಿನವನು ಅದೇ ಪ್ರಶ್ನೆ ಕೇಳಿದ. "ಜ್ವರ ಇದೆ" ಎಂದಳು ಅಕ್ಕ. ಹಗ್ಗ ಮೇಲೆದ್ದಿತು.

ಒಳಗೆ ಸಾಲು ಮಂಚಗಳ ತುಂಬ ಕೆಮ್ಮು. ಮೈಯೆಲ್ಲ ಮುಚ್ಚಿಕೊಂಡಿದ್ದ ಡಾಕ್ಟರಮ್ಮ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ ನಿಟ್ಟುಸಿರು ಬಿಟ್ಟರು.

"ಮೊದಲೇ ಬಂದಿದ್ರೆ ಒಂದು ಬೆರಳಲ್ಲಿ ಮುಗೀತಿತ್ತು."

"ಬಂದಿದ್ವಿ. ಆಗ ಜ್ವರ ಇರಲಿಲ್ಲ."

ಡಾಕ್ಟರಮ್ಮ ತಲೆ ತಗ್ಗಿಸಿದರು. "ಈಗ ಕಾಲು ತೆಗೀಲೇಬೇಕು. ಮಂಡಿ ಉಳಿಸೋಕೆ ನೋಡ್ತೀವಿ. ಮಾತು ಕೊಡೋಕಾಗಲ್ಲ."

ಅಕ್ಕನನ್ನು ಅಂಗಳದಲ್ಲೇ ಕೂರಿಸಿದರು. ಅವಳು ಕೂತಿದ್ದಾಗಲೇ ಹಿಂಬಾಗಿಲಿನಿಂದ ಎರಡು ಹೆಣ ಸಾಗಿದವು. ಎರಡು ಸಲವೂ ಎದ್ದು ನಿಂತು, ಇದು ತಂಗಿಯದಲ್ಲ ತಾನೇ ಎಂದು ಕೇಳಿದಳು.

ಮರುದಿನ ಒಳಗೆ ಬಿಟ್ಟರು. ತಂಗಿ ಬದುಕಿದ್ದಳು. ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಎಲ್ಲೀವರೆಗೆ ಹೋಗಿದೆ ಅಂತ ನಾನು ನೋಡಿಲ್ಲ ಅಕ್ಕ. ನೀನೇ ನೋಡಿ ಹೇಳು."

ಅಕ್ಕ ಹೊದಿಕೆ ಎತ್ತಿದಳು.

"ಮಂಡಿ ಇದೆ ಕಣೇ."