ಮೂರನೇ ನಂಬರಿನ ಪಿನ್ನು

ಮೂರನೇ ನಂಬರಿನ ವಿಮಾನದೊಳಗೆ ಸೊಂಟದವರೆಗೂ ಬಗ್ಗಿ, ಪೈಲಟ್ ಸೀಟಿನ ಬೆನ್ನಿಗೆ ಟಾರ್ಚು ಹಿಡಿದಿದ್ದ ಮೊಳೆಯಣ್ಣ ಹಾಗೇ ನಿಂತುಬಿಟ್ಟ. ಅಲ್ಲಿದ್ದ ಚಿಕ್ಕ ತಗಡಿನ ಪಟ್ಟಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿ ಮತ್ತೊಮ್ಮೆ ಓದಿದ. ಅದು ಮೂರರ ಸೀಟಲ್ಲ, ಒಂಬತ್ತರದು. ಟಾರ್ಚು ಆರಿಸಿ ಏಣಿ ಇಳಿದ.

ಅವನ ನಿಜವಾದ ಹೆಸರು ವಾಯುನೆಲೆಯ ಆ ಶೆಡ್ಡಿನಲ್ಲಿ ಯಾರಿಗೂ ನೆನಪಿರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಹಲಗೆ, ಹಲಗೆಗೆ ಹದಿಮೂರು ಮೊಳೆ, ಒಂದೊಂದು ಮೊಳೆಗೂ ಒಂದೊಂದು ವಿಮಾನದ ನಂಬರು. ಯುದ್ಧ ವಿಮಾನದ ಸೀಟೆಂದರೆ ಸುಮ್ಮನೆ ಕೂರುವ ಕುರ್ಚಿಯಲ್ಲ. ಕೇಡು ಬಂದಾಗ ಪೈಲಟ್ ಹಿಡಿ ಎಳೆದರೆ ಕೆಳಗಿನ ಮದ್ದು ಸಿಡಿದು, ಸೀಟು ಅವನನ್ನು ಹೊತ್ತುಕೊಂಡೇ ಹೊರಗೆ ಚಿಮ್ಮುತ್ತದೆ. ನೆಲದ ಮೇಲಿರುವಾಗ ಅದು ತಪ್ಪಿ ಸಿಡಿಯದಿರಲೆಂದು ಐದು ಪಿನ್ನು ಚುಚ್ಚಿರುತ್ತಾರೆ, ಪ್ರತಿ ಪಿನ್ನಿಗೂ ಕೆಂಪು ಪಟ್ಟಿ. ಹೊರಡುವ ಮುಂಚೆ ಪೈಲಟ್ ಐದನ್ನೂ ಕಿತ್ತು ಮೊಳೆಯಣ್ಣನ ಕೈಗೆ ಕೊಡುತ್ತಾನೆ. ಮೊಳೆಯಣ್ಣ ಐದನ್ನೂ ಎತ್ತಿ ತೋರಿಸಿ, ಜೇಬಿಗಿಳಿಸಿ, ಹಲಗೆಗೆ ನೇತುಹಾಕುತ್ತಾನೆ. ವಿಮಾನ ಮರಳುವವರೆಗೆ ಆ ಪಿನ್ನನ್ನು ದೇವರು ಬಂದರೂ ಮುಟ್ಟುವಂತಿಲ್ಲ. ಇಪ್ಪತ್ತೊಂಬತ್ತು ವರ್ಷದ ಶಾಸ್ತ್ರ ಅದು. ಹೆಸರು ಬಂದದ್ದೂ ಅದರಿಂದಲೇ.

ಇಂಥ ಮನುಷ್ಯ ಮಾಡಿದ್ದ ತಪ್ಪು ಒಂದೇ ಒಂದು. ಆರು ವರ್ಷದ ಹಿಂದೆ, ದೊಡ್ಡವರೆದುರಿನ ವಂದನೆಯ ಹಾರಾಟಕ್ಕೆ ಒಂಬತ್ತನೇ ವಿಮಾನ ಹೊರಡಲೇಬೇಕಿತ್ತು. ಅದರ ಸೀಟಿನ ಮದ್ದಿನ ಅವಧಿ ಮುಗಿದು ಹೊಸದು ಬಂದಿರಲಿಲ್ಲ. ಎಂಜಿನ್ನಿಲ್ಲದೆ ಮೂಲೆಯಲ್ಲಿ ಬಿದ್ದಿದ್ದ ಮೂರರ ಒಳ್ಳೆಯ ಸೀಟನ್ನು ಒಂಬತ್ತಕ್ಕೂ, ಒಂಬತ್ತರ ಸತ್ತ ಸೀಟನ್ನು ಮೂರಕ್ಕೂ ಇವನೇ ಕೂರಿಸಿದ್ದ. ನಾಳೆ ಬದಲಾಯಿಸಿದರಾಯಿತು, ಕಾಗದದಲ್ಲಿ ಬರೆಯುವುದೇಕೆ ಅಂದುಕೊಂಡಿದ್ದ. ಆ ನಾಳೆ ಬರಲೇ ಇಲ್ಲ, ಇವನಿಗೂ ಮರೆತೇಹೋಯಿತು. ಒಂಬತ್ತನೇ ವಿಮಾನ ಆ ಒಳ್ಳೆಯ ಸೀಟಿನ ಸಮೇತ ಗುಜರಿಗೆ ಹೋಯಿತು. ಮೂರರ ಕಡತದಲ್ಲಿ ಮಾತ್ರ ಮದ್ದು ಇನ್ನೂ ಹೊಸದಾಗಿಯೇ ಇತ್ತು. ಆ ಮದ್ದು ಮಾಡುತ್ತಿದ್ದ ಕಾರ್ಖಾನೆಯೂ ಈಗ ಬಾಗಿಲು ಹಾಕಿತ್ತು.

ಮೂರಕ್ಕೆ ಮರುಜೀವ ಬಂದದ್ದು ದಾನದ ನೆಪದಲ್ಲಿ. ಯುದ್ಧದಲ್ಲಿ ಬೇಯುತ್ತಿರುವ ಒಂದು ಪರದೇಶಕ್ಕೆ ಹನ್ನೆರಡು ಹಳೆಯ ವಿಮಾನ ಕೊಡುವುದಾಗಿ ಸರ್ಕಾರ ಹೇಳಿದ ದಿನದಿಂದ ಊರೆಲ್ಲ ಅದೇ ಮಾತು. ಗುಜರಿ ಕೊಟ್ಟು ಕೀರ್ತಿ ಕೊಳ್ಳುತ್ತಿದ್ದಾರೆ ಎಂದು ವಿರೋಧಪಕ್ಷ, ಹನ್ನೆರಡೂ ಹದ್ದಿನಂತೆ ಹಾರುತ್ತವೆ ಎಂದು ಮಂತ್ರಿ. ನೆಲೆಯ ಗೇಟಿನಲ್ಲಿ ‘ಕೊಡಿ’ ಎನ್ನುವವರು ಒಂದು ಬದಿ, ‘ಕೊಡಬೇಡಿ’ ಎನ್ನುವವರು ಇನ್ನೊಂದು ಬದಿ. ಬಿಸಿಲೇರಿದರೆ ಎರಡು ಗುಂಪಿಗೂ ಒಂದೇ ಮರದ ನೆರಳು.

ಮೊಳೆಯಣ್ಣ ನೇರವಾಗಿ ಎಂಜಿನಿಯರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ, ತನ್ನ ತಪ್ಪನ್ನೂ ಸೇರಿಸಿ. ಎಂಜಿನಿಯರು ಇವನಿಗಿಂತ ಹದಿನೈದು ವರ್ಷ ಚಿಕ್ಕವರು, ಕೆಟ್ಟವರಲ್ಲ. ಎದ್ದು ಬಾಗಿಲು ಹಾಕಿ ಬಂದು ಕೂತರು.

"ಯಾರಿಗೆ ಗೊತ್ತಿದೆ ಇದು?"

"ನನಗೆ. ಈಗ ನಿಮಗೆ."

"ಮದ್ದು ಸಿಡಿಯೋದೇ ಇಲ್ಲ ಅಂತ ಏನೂ ಇಲ್ವಲ್ಲ?"

"ಸಿಡಿದ್ರೆ ಸಿಡೀತು, ಇಲ್ಲದಿದ್ರೆ ಇಲ್ಲ ಸಾರ್. ಅದನ್ನ ನಂಬಿ ಯಾರನ್ನ ಕೂರಿಸೋದು? ಮೂರನ್ನ ಬಿಟ್ಟು ಹನ್ನೊಂದು ಕಳಿಸೋಣ."

"ಮಂತ್ರಿಗಳು ಸಂಸತ್ತಲ್ಲಿ ಹನ್ನೆರಡು ಅಂದಾಗಿದೆ ಅಣ್ಣ. ಒಂದು ಕಮ್ಮಿ ಆದ್ರೆ ಯಾಕೆ ಅಂತ ಕೇಳ್ತಾರೆ. ಕಾರಣ ಹೇಳಿದ್ರೆ ಹನ್ನೆರಡೂ ಇಲ್ಲೇ ಕೊಳೀತವೆ. ಅಲ್ಲಿ ಜನ ದಿನಾ ಬಾಂಬು ತಿಂತಿದ್ದಾರೆ." ಅವರು ಮೂರರ ಕಡತವನ್ನು ಎಳೆದುಕೊಂಡು ತೆರೆದರು. "ಆಮೇಲೆ, ಆ ಸೀಟು ಬದಲಾಯಿಸಿದ ಕೈ ಯಾರದು ಅಂತಾನೂ ಕೇಳ್ತಾರೆ. ನಿಮಗೆ ಇನ್ನೆಷ್ಟು ತಿಂಗಳು ಸರ್ವೀಸು?"

"ಏಳು."

"ಕಾಗದ ಸರಿ ಇದೆಯಲ್ಲ. ಸಹಿ ಹಾಕಿಬಿಡಿ."

ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದೇ ದೊಡ್ಡ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ಮೊಳೆಯಣ್ಣ ಜಗಳಕ್ಕೆ ನಿಲ್ಲುತ್ತಿದ್ದ. ಅವನು ಸಹಿ ಹಾಕಿದ. ಹಾಕುವಾಗಲೇ ಮನಸ್ಸಿನಲ್ಲಿ ಒಂದು ಒಪ್ಪಂದ ಮಾಡಿಕೊಂಡ: ಕಾಗದಕ್ಕೆ ಸುಳ್ಳು ಹೇಳಿದರೂ ಹುಡುಗನಿಗೆ ನಿಜ ಹೇಳಿಬಿಡುತ್ತೇನೆ.

ಹುಡುಗನೆಂದರೆ ಆ ದೇಶದಿಂದ ಬಂದ ಪೈಲಟ್‌ಗಳಲ್ಲಿ ಮೂರನೇ ನಂಬರು ಒಯ್ಯಬೇಕಾದವನು. ಇಪ್ಪತ್ತಾರರ ಪ್ರಾಯ, ಎಡಗಿವಿಯ ಹಿಂದೆ ಸುಟ್ಟ ಗಾಯದ ಕಲೆ. ಎಂಟು ವಾರದಲ್ಲಿ ಉಳಿದವರು ವಿಮಾನವನ್ನಷ್ಟೇ ಕಲಿತರೆ, ಇವನು ಶೆಡ್ಡಿನಲ್ಲಿ ಕೂತು ಇಲ್ಲಿನ ಮಾತನ್ನೂ ಕಲಿತಿದ್ದ. ಮಗನ ವಯಸ್ಸಿನವನು "ಮೊಳೆಯಣ್ಣ, ಟೀ ಆಯ್ತಾ?" ಎಂದು ಕೇಳುವಾಗ ಎಲ್ಲರೂ ನಗುತ್ತಿದ್ದರು. ಅದೇ ಮೊಳೆಯಣ್ಣನ ನಿಜವಾದ ಹೆಸರೆಂದು ಹುಡುಗ ತಿಳಿದಿದ್ದ, ಯಾರೂ ತಿದ್ದಲಿಲ್ಲ. ಒಮ್ಮೆ ಫೋನಿನಲ್ಲಿ ತನ್ನ ಅಮ್ಮನ ಚಿತ್ರ ತೋರಿಸಿದ್ದ. ಗಾಜಿಲ್ಲದ ಕಿಟಕಿಯ ಮುಂದೆ ಆಕೆ ಕಾಳು ಆರಿಸುತ್ತಿದ್ದಳು.

ಆ ಸಂಜೆ ಮನೆಯ ಟೀವಿಯಲ್ಲಿ ನಾಲ್ಕು ಜನ ಒಟ್ಟಿಗೇ ಕೂಗುತ್ತಿದ್ದರು. ಗುಜರಿ ಅಲ್ಲದಿದ್ದರೆ ದಾನವೇಕೆ ಎಂದು ಒಬ್ಬ, ದಾನದ ಹಸುವಿನ ಹಲ್ಲು ಎಣಿಸಬಾರದು ಎಂದು ಇನ್ನೊಬ್ಬ. ಹೆಂಡತಿ ಬಟ್ಟೆ ಮಡಿಸುತ್ತ ಮೂಗು ಮುರಿದಳು.

"ತಗೊಳ್ಳೋರು ಎಣಿಸಬಾರದು, ಸರಿ. ಕೊಡೋರಾದ್ರೂ ಒಂದ್ಸಲ ಬಾಯಿ ತೆಗೆದು ನೋಡಬಾರದೇನ್ರೀ?"

ಮೊಳೆಯಣ್ಣ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಳಿಸಿದ.

"ಯಾಕ್ರೀ, ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ ಕಣೇ. ಎಲ್ಲ ಸರಿಯಾಗಿದೆ" ಎಂದ. ಎಲ್ಲ ಸರಿಯಾಗಿದೆ ಎನ್ನುವುದು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದು ಅವನಿಗೇ ಭಯವಾಯಿತು.

ಹೊರಡುವ ದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಶಾಮಿಯಾನ, ಮಂತ್ರಿ, ಕ್ಯಾಮೆರಾಗಳ ಸಾಲು. ಮೊಳೆಯಣ್ಣ ಹೇಳಬೇಕಾದ ಮಾತನ್ನು ಸ್ನಾನ ಮಾಡುವಾಗಿನಿಂದ ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದ. ‘ಈ ಸೀಟನ್ನ ನಂಬಬೇಡ. ಇದರ ಮದ್ದು ಹಳೇದು. ಹೋದ ತಕ್ಷಣ ಬಿಚ್ಚಿಸು.’ ಮೂರು ಪುಟ್ಟ ವಾಕ್ಯ. ಹುಡುಗನಿಗೆ ಅರ್ಥವಾಗುವಂಥವೇ.

ಏಣಿ ಹತ್ತಿ ಹುಡುಗನ ಭುಜದ ಪಟ್ಟಿ ಬಿಗಿದ. ಹುಡುಗ ಐದು ಪಿನ್ನುಗಳನ್ನೂ ಒಂದೊಂದಾಗಿ ಕಿತ್ತು ಕೈಗಿತ್ತ. ಮೊಳೆಯಣ್ಣ ಐದನ್ನೂ ಎತ್ತಿ ತೋರಿಸಿದ. ಹುಡುಗ ಐದು ಬೆರಳು ಬಿಡಿಸಿ, ಆಮೇಲೆ ತಲೆಯ ಹಿಂದಿನ ಸೀಟನ್ನು ತಟ್ಟಿ ನಕ್ಕ.

"ಮೊಳೆಯಣ್ಣ, ಎಲ್ಲಾ ಸರೀನಾ?"

ಮೊಳೆಯಣ್ಣನ ಬಾಯಿ ತೆರೆದೇ ಇತ್ತು. ಪಕ್ಕದ ನಾಲ್ಕನೇ ನಂಬರು ಆಗಲೇ ಗುಡುಗತೊಡಗಿತ್ತು, ಆದರೂ ಕಿವಿಯ ಹತ್ತಿರ ಬಾಗಿದರೆ ಕೇಳಿಸುತ್ತಿತ್ತು. ಅವನು ಬಾಗಲಿಲ್ಲ. ಕೆಳಗೆ ಎಂಜಿನಿಯರು ತಲೆಯೆತ್ತಿ ನೋಡುತ್ತಿದ್ದರು, ಒಂದು ಕ್ಯಾಮೆರಾ ಏಣಿಯ ಕಡೆಗೇ ತಿರುಗಿತ್ತು. ಮೊಳೆಯಣ್ಣ ತಲೆಯಾಡಿಸಿ ಹೆಬ್ಬೆರಳು ಎತ್ತಿ ತೋರಿಸಿದ. ಹುಡುಗನೂ ಎತ್ತಿದ. ಗಾಜಿನ ಮುಚ್ಚಳ ಇಳಿಯಿತು. ಏಣಿಯ ಒಂದೊಂದು ಮೆಟ್ಟಿಲಿಗೂ ಮೊಳೆಯಣ್ಣ ತನ್ನನ್ನು ತಾನೇ ಹೇಡಿ ಎಂದು ಬೈದುಕೊಂಡ, ಆದರೆ ಮತ್ತೆ ಹತ್ತಲಿಲ್ಲ.

ಹನ್ನೆರಡೂ ಎದ್ದವು. ಮೂರನೆಯದು ನೆಲ ಬಿಡುವಾಗ ಮಂತ್ರಿ ಚಪ್ಪಾಳೆ ತಟ್ಟಿದರು. ಕೊನೆಯ ಸದ್ದೂ ಮೋಡದ ಹಿಂದೆ ಕರಗಿ, ಶಾಮಿಯಾನದ ಕುರ್ಚಿಗಳನ್ನು ಮಡಿಸುವ ಹೊತ್ತಿಗೆ ಮೊಳೆಯಣ್ಣ ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದ. ಬೆರಳಿಗೆ ಪಿನ್ನು ಚುಚ್ಚಿತು.

ಉಳಿದ ಹನ್ನೊಂದರ ಪಿನ್ನುಗಳು ಚೀಲಗಳಲ್ಲಿ ವಿಮಾನದೊಳಗೇ ಹೋಗಿದ್ದವು. ಮರಳಿ ಬರದ ಪ್ರಯಾಣಕ್ಕೆ ಅದೇ ನಿಯಮ, ಹಾಗೆಂದು ಹುಡುಗರಿಗೆಲ್ಲ ಹೇಳಿಕೊಟ್ಟವನೂ ಇವನೇ. ಮೂರರದು ಮಾತ್ರ ಇಪ್ಪತ್ತೊಂಬತ್ತು ವರ್ಷದ ರೂಢಿಯಂತೆ ಇವನ ಜೇಬಿಗಿಳಿದಿತ್ತು. ಎಂಜಿನಿಯರನ್ನು ಹುಡುಕಿಕೊಂಡು ಬಹುತೇಕ ಓಡಿದ.

"ಸಾರ್, ಮೂರರ ಪಿನ್ನು ಇಲ್ಲೇ ಉಳಿದುಬಿಟ್ಟಿದೆ. ಅಲ್ಲಿ ಇಳಿದ ಮೇಲೆ ಚುಚ್ಚೋಕೆ ಬೇಕಲ್ಲ. ಇವತ್ತೇ ಕಳಿಸಬೇಕು."

ಎಂಜಿನಿಯರು ಕೊರಳಿನ ಟೈ ಸಡಿಲಿಸುತ್ತಿದ್ದರು. ದಣಿದಿದ್ದರು.

"ಬಿಡಿ ಅಣ್ಣ. ಆ ಸೀಟಿಗೆ ಪಿನ್ನು ಯಾಕೆ?"

ಹೇಳಿದ ಮೇಲೆ ಅವರ ಮುಖ ಬಿಳಿಚಿತು. ಹೊರಗೆ ಬಂದ ಮಾತನ್ನು ಇಬ್ಬರೂ ಕೇಳಿಸಿಕೊಂಡಿದ್ದರು. ಎಂಜಿನಿಯರು ಏನೋ ನೆನಪಾದವರಂತೆ ಫೋನು ತೆಗೆದು ಆ ಕಡೆ ನಡೆದರು.

ಮಧ್ಯಾಹ್ನ ಶೆಡ್ಡು ಬಿಕೋ ಎನ್ನುತ್ತಿತ್ತು. ನೆಲದ ಮೇಲೆ ಹನ್ನೆರಡು ಎಣ್ಣೆಯ ಕಲೆ, ಅಷ್ಟೇ. ಬಡಗಿ ತಿರುಪುಳಿ ಹಿಡಿದು ಹಲಗೆಯ ಕೆಳಗೆ ನಿಂತಿದ್ದ.

"ಎಲ್ಲಾ ಖಾಲಿ ಮಾಡಿ ಅಂದಿದ್ದಾರೆ ಅಣ್ಣ. ಹನ್ನೆರಡೂ ಹೋದ್ವಲ್ಲ, ಇದನ್ನ ಬಿಚ್ಚಲಾ?"

ಮೊಳೆಯಣ್ಣ ಜೇಬಿನಿಂದ ಪಿನ್ನುಗಳನ್ನು ತೆಗೆದು ಅಂಗೈಯಲ್ಲಿ ಎಣಿಸಿದ. ಐದು. ಮತ್ತೊಮ್ಮೆ ಎಣಿಸಿದ. ಮೂರನೇ ಮೊಳೆಗೆ ನೇತುಹಾಕಿ, ಕೆಂಪು ಪಟ್ಟಿಗಳನ್ನು ಬೆರಳಿನಿಂದ ನೇರ ಮಾಡಿದ.

"ಬೇಡ, ಇರಲಿ" ಎಂದ. "ಒಂದು ಇನ್ನೂ ಬಂದಿಲ್ಲ."

ಬಡಗಿ ಹಲಗೆಯನ್ನೂ ಅವನ ಮುಖವನ್ನೂ ನೋಡಿ, ತಿರುಪುಳಿಯನ್ನು ಜೇಬಿಗೆ ಹಾಕಿಕೊಂಡು ಹೋದ. ತೆರೆದ ಬಾಗಿಲಿನಿಂದ ಗಾಳಿ ಬಂದಾಗ ಪಿನ್ನುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಮೊಳೆಯಣ್ಣ ಸ್ಟೂಲೊಂದನ್ನು ಎಳೆದುಕೊಂಡು ಬಂದು, ಹಲಗೆಗೆ ಬೆನ್ನು ಹಾಕಿ, ಖಾಲಿ ರನ್‌ವೇ ನೋಡುತ್ತ ಕೂತ.